ಪ್ರೌಢಶಾಲೆಯಲ್ಲಿ ನಾಟಕದ ಪಾಠ: ಪಾಲಕರು ಅರಿಯಬೇಕಾದದ್ದು

ವಾರ್ಷಿಕೋತ್ಸವ ಸಮೀಪಿಸುತ್ತಿದ್ದಂತೆ ಮಕ್ಕಳ ನಾಟಕದ ತಾಲೀಮು ಆರಂಭವಾಗುವುದು ನಮ್ಮ ಸಂಘದಲ್ಲಿ ರೂಢಿ. ಎರಡನೆಯ ವಾರದಲ್ಲಿ ಪಾಲಕರೊಬ್ಬರು ಬಂದು, “ಇವನಿಗೆ ಈ ವರ್ಷ ಒಂಬತ್ತನೆಯ ತರಗತಿ, ಇನ್ನು ನಾಟಕ ಸಾಕು” ಎಂದು ಮಗನನ್ನು ಕರೆದೊಯ್ಯುವುದೂ ಈಗ ರೂಢಿಯೇ ಆಗಿಬಿಟ್ಟಿದೆ. ಅವರನ್ನು ದೂರುವ ಅಧಿಕಾರ ನಮಗಿಲ್ಲ. ಹಲವು ವರ್ಷಗಳ ಹಿಂದೆ ನಾವೂ ನಮ್ಮ ಮಗಳನ್ನು ಇದೇ ರೀತಿ ತಾಲೀಮಿನಿಂದ ಬಿಡಿಸಿ ಕೋಚಿಂಗ್ ತರಗತಿಗೆ ಸೇರಿಸಿದವರು. ನಾಟಕವು ಓದಿಗೆ ಅಡ್ಡಿಯೆಂಬುದು ಅಂದಿನ ನಮ್ಮ ನಂಬಿಕೆ. ಅದು ಎಷ್ಟು ಸರಿ ಎಂಬುದನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಮೊದಲಿಗೆ ಒಂದು ಸ್ಪಷ್ಟನೆ. ವರ್ಷಕ್ಕೊಮ್ಮೆ ಬಣ್ಣ ಹಚ್ಚಿ ವೇದಿಕೆ ಏರುವುದೇ ಬೇರೆ, ನಾಟಕವನ್ನು ವಿಷಯವಾಗಿ ಅಭ್ಯಸಿಸುವುದೇ ಬೇರೆ. ಮೊದಲನೆಯದರಲ್ಲಿ ಪ್ರದರ್ಶನವೇ ಗುರಿ. ಚೆನ್ನಾಗಿ ಮಾತನಾಡಬಲ್ಲ ಐದಾರು ಮಕ್ಕಳಿಗಷ್ಟೇ ಅಲ್ಲಿ ಅವಕಾಶ. ಎರಡನೆಯದರಲ್ಲಿ ಕಲಿಕೆಯೇ ಗುರಿ. ಅಲ್ಲಿ ತರಗತಿಯ ಎಲ್ಲ ಮಕ್ಕಳಿಗೂ ಪಾತ್ರವಿದೆ.

ಈ ಕಲಿಕೆಯ ಸ್ವರೂಪವನ್ನು ಅರಿಯಲು ಭರತನ ನಾಟ್ಯಶಾಸ್ತ್ರವು ಹೇಳುವ ನಾಲ್ಕು ಬಗೆಯ ಅಭಿನಯಗಳೇ ಸಾಕು. ಆಂಗಿಕವು ದೇಹದ ಶಿಸ್ತು. ಹದಿಹರೆಯದಲ್ಲಿ ಕೈಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸಂಕೋಚಪಡುವ ಮಕ್ಕಳಿಗೆ ನೇರವಾಗಿ ನಿಲ್ಲುವುದೂ ಒಂದು ಪಾಠವೇ. ವಾಚಿಕದಲ್ಲಿ ಉಸಿರಿನ ಹತೋಟಿ, ಸ್ಪಷ್ಟ ಉಚ್ಚಾರಣೆ, ಕೊನೆಯ ಸಾಲಿನವರೆಗೂ ತಲುಪುವ ದನಿ ಸೇರಿವೆ. ಆಹಾರ್ಯವೆಂದರೆ ವೇಷಭೂಷಣ, ಪ್ರಸಾಧನ ಮೊದಲಾದವು. ಮಾತನಾಡಲು ಅಂಜುವ ಹುಡುಗ ರಟ್ಟು ಕತ್ತರಿಸಿ ಕಿರೀಟ ಮಾಡುವಲ್ಲಿ ನಿಪುಣನಾಗಿರಬಹುದು; ಅವನಿಗೂ ಇಲ್ಲಿ ಸ್ಥಾನವುಂಟು. ಕೊನೆಯದಾದ ಸಾತ್ತ್ವಿಕವು ಪರರ ಸುಖದುಃಖಗಳನ್ನು ತನ್ನದೆಂಬಂತೆ ಅನುಭವಿಸಿ ತೋರಿಸುವುದು. ಇದನ್ನು ಕಲಿಸುವ ಬೇರೊಂದು ವಿಷಯ ಶಾಲೆಯ ವೇಳಾಪಟ್ಟಿಯಲ್ಲಿ ನಮಗೆ ಕಾಣದು.

ಶಿಕ್ಷಣ ತಜ್ಞರೂ ಈ ಮಾತನ್ನು ಒಪ್ಪಿದ್ದಾರೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ದೃಶ್ಯಕಲೆಗಳೊಡನೆ ರಂಗಕಲೆಯನ್ನೂ ಸೇರಿಸಿ, ಹತ್ತನೆಯ ತರಗತಿಯವರೆಗೆ ಕಲಾ ಶಿಕ್ಷಣವು ಕಡ್ಡಾಯವಾಗಬೇಕೆಂದು ಸೂಚಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಠ್ಯ ಮತ್ತು ಪಠ್ಯೇತರ ಎಂಬ ಗೋಡೆ ಇರಬಾರದೆಂದಿತು. 2023ರ ಶಾಲಾ ಪಠ್ಯಕ್ರಮ ಚೌಕಟ್ಟಿನಲ್ಲಿಯೂ ರಂಗಕಲೆಗೆ ಸ್ಥಾನ ದೊರೆತಿದೆ. ಆದರೂ ಪರೀಕ್ಷೆ ಹತ್ತಿರವಾದಾಗ ಮೊದಲು ಕೈಬಿಟ್ಟುಹೋಗುವುದು ಕಲೆಯ ಅವಧಿಯೇ ಎಂಬುದು ಪಾಲಕರಿಗೆಲ್ಲ ತಿಳಿದ ಸಂಗತಿ.

ಈ ವಿಚಾರ ಕನ್ನಡಿಗರಿಗೆ ಹೊಸತೂ ಅಲ್ಲ. ಕುವೆಂಪು ಅವರು ‘ಮೋಡಣ್ಣನ ತಮ್ಮ’ದಂತಹ ನಾಟಕವನ್ನು ಮಕ್ಕಳಿಗೆಂದೇ ಬರೆದರು. ಪರೀಕ್ಷೆಯಲ್ಲಿ ಮುಂದಿರುವ ಮಗ ಮತ್ತು ಓದಿನಲ್ಲಿ ಹಿಂದಿದ್ದರೂ ಕಷ್ಟಕಾಲಕ್ಕೆ ಒದಗುವ ಮಗ, ಇವರಲ್ಲಿ ಗಟ್ಟಿ ಯಾರು ಎಂದು ಕೈಲಾಸಂ ‘ಟೊಳ್ಳುಗಟ್ಟಿ’ಯಲ್ಲಿ ಕೇಳಿದರು. ಹೆಗ್ಗೋಡಿನಂತಹ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೇ ತೆರೆಯಿತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯನ್ನು ಮುನ್ನಡೆಸಿದ ಬಿ. ವಿ. ಕಾರಂತರು ಮಕ್ಕಳ ರಂಗಭೂಮಿಗೆ ಕೊಟ್ಟ ಗಮನ ಎಲ್ಲರಿಗೂ ತಿಳಿದದ್ದೇ. ಆ ನಾಟಕ ಶಾಲೆಯಲ್ಲಿ 1989ರಲ್ಲಿ ಶಿಕ್ಷಣದಲ್ಲಿ ರಂಗಭೂಮಿಯನ್ನು ಬಳಸಲೆಂದೇ ಪ್ರತ್ಯೇಕ ತಂಡವೊಂದು ಆರಂಭವಾಯಿತು.

ಹೊರನಾಡಿನಲ್ಲಿರುವ ನಮಗೆ ಇದರಿಂದ ಮತ್ತೊಂದು ಪ್ರಯೋಜನವಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಹಿಂದಿ ಅಥವಾ ಮರಾಠಿ ಮಾತನಾಡುತ್ತಾರೆ. ಮನೆಯಲ್ಲಿ ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುತ್ತಾರೆ. ತಾಲೀಮಿಗೆ ಬರುವ ಮಕ್ಕಳಲ್ಲಿ ಅನೇಕರು ತಮ್ಮ ಸಂಭಾಷಣೆಯನ್ನು ದೇವನಾಗರಿಯಲ್ಲಿ ಬರೆದುಕೊಳ್ಳುತ್ತಾರೆ. ಇದನ್ನು ಕಂಡು ಹಿರಿಯರು ನೊಂದುಕೊಳ್ಳುವುದುಂಟು. ಆದರೆ ಅದೇ ಮಗು ಇಪ್ಪತ್ತು ದಿನ ಒಂದೇ ಮಾತನ್ನು ಹೇಳಿ ಹೇಳಿ ‘ಲ’ಕಾರ ‘ಳ’ಕಾರಗಳ ಭೇದವನ್ನು ನಾಲಿಗೆಗೆ ತಂದುಕೊಳ್ಳುತ್ತದೆ. ವ್ಯಾಕರಣ ಪುಸ್ತಕದಿಂದ ಬಾರದ ಭಾಷೆ, ರಾಜನಾಗಿಯೋ ಮಂತ್ರಿಯಾಗಿಯೋ ಮಾತನಾಡುವಾಗ ತಾನಾಗಿ ಬರುತ್ತದೆ.

ನಾವು ಪ್ರೌಢಶಾಲೆಯಲ್ಲಿ ಆಡಿದ್ದು ದ್ವಾರಪಾಲಕನ ಪಾತ್ರ, ಇದ್ದದ್ದು ಎರಡೇ ಮಾತು. ಮೆಲ್ಲಗೆ ಉಸುರುತ್ತಿದ್ದ ನಮ್ಮನ್ನು ಗುರುಗಳು ಮೈದಾನದ ಆಚೆ ತುದಿಯಲ್ಲಿ ನಿಲ್ಲಿಸಿ ಆ ಎರಡು ಮಾತುಗಳನ್ನೇ ಹೇಳಿಸುತ್ತಿದ್ದರು. ಮುಂದೆ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು, ಕಿವಿ ಮಂದವಾದ ಪಿಂಚಣಿದಾರರಿಗೆ ಜೀವಿತ ಪ್ರಮಾಣಪತ್ರದ ವಿಷಯವನ್ನು ಸಿಡುಕದೆ, ಬಿಡಿಸಿ ಬಿಡಿಸಿ ಹೇಳುವಾಗಲೆಲ್ಲ ಆ ಮೈದಾನ ನೆನಪಾಗುತ್ತದೆ.

ಹಾಗಾದರೆ ಪಾಲಕರು ಮಾಡಬೇಕಾದದ್ದೇನು? ಮಗುವಿನ ಶಾಲೆಯ ವೇಳಾಪಟ್ಟಿಯಲ್ಲಿ ಕಲೆಯ ಅವಧಿ ಇದೆಯೇ, ಅದು ನಿಜವಾಗಿ ನಡೆಯುತ್ತದೆಯೇ ಎಂದು ಪಾಲಕರ ಸಭೆಯಲ್ಲಿ ವಿಚಾರಿಸಬಹುದು. ಒಂಬತ್ತು, ಹತ್ತನೆಯ ತರಗತಿಯವರಿಗೆ ಸಂಘಗಳು ಚಿಕ್ಕ ಪಾತ್ರ ಅಥವಾ ನೇಪಥ್ಯದ ಕೆಲಸ ಕೊಟ್ಟು, ಭಾನುವಾರ ಎರಡು ಗಂಟೆಗಷ್ಟೇ ತಾಲೀಮನ್ನು ಸೀಮಿತಗೊಳಿಸಬಹುದು.

ನಮ್ಮ ಮಗಳು ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳನ್ನೇ ಪಡೆದಳು. ಅದೆಷ್ಟೆಂದು ಇಂದು ಕೇಳಿದರೆ ಅವಳೂ ತಡವರಿಸುತ್ತಾಳೆ, ನಾವೂ ತಡವರಿಸುತ್ತೇವೆ. ಬಿಟ್ಟುಬಂದ ಆ ನಾಟಕದಲ್ಲಿ ತಾನು ಆಡಬೇಕಿದ್ದ ಮಾತುಗಳನ್ನು ಮಾತ್ರ ಅವಳು ಈಗಲೂ ಒಂದೂ ತಪ್ಪದೆ ಹೇಳಬಲ್ಲಳು. ಈ ಬಾರಿ ಮಗುವನ್ನು ಕರೆದೊಯ್ಯಲು ಬರುವ ಪಾಲಕರೊಡನೆ ಹತ್ತು ನಿಮಿಷ ಕುಳಿತು ಇದನ್ನು ಹೇಳಬೇಕೆಂದಿದ್ದೇವೆ.