ಶಬ್ದಸೂಚಿಯ ಪರಿಷ್ಕರಣವೂ ಅನುಪಲಬ್ಧಿಯೂ

ಪ್ರಾಚೀನ ಕಾವ್ಯಗಳು ಗಣಕಯಂತ್ರವನ್ನು ಸೇರಿದ ಮೇಲೆ ಒಂದು ಶಬ್ದದ ಪ್ರಯೋಗಗಳನ್ನು ಅರಸುವುದು ಕ್ಷಣಮಾತ್ರದ ಕೆಲಸವಾಗಿದೆ. ದೊಡ್ಡ ಭಂಡಾರಗಳಲ್ಲಿ ಯಂತ್ರವು ಆಗ ಗ್ರಂಥಗಳನ್ನು ಓದುವುದಿಲ್ಲ. ಮೊದಲೇ ಸಿದ್ಧಪಡಿಸಿಟ್ಟ ಶಬ್ದಸೂಚಿಯನ್ನು ನೋಡಿ ಉತ್ತರ ಹೇಳುತ್ತದೆ. ಒಂದೊಂದು ಶಬ್ದದ ಮುಂದೆ ಅದು ಬರುವ ಗ್ರಂಥವನ್ನೂ ಸ್ಥಾನವನ್ನೂ ಬರೆದಿರುವ ಈ ಸೂಚಿಯು ಮುದ್ರಿತ ಗ್ರಂಥಗಳ ಕೊನೆಯ ಅಕಾರಾದಿಗೆ ಸಜಾತೀಯವಾದುದು.

ಪಾಠಗಳು ತಿದ್ದಲ್ಪಟ್ಟಂತೆ ಸೂಚಿಯನ್ನೂ ಪರಿಷ್ಕರಿಸಬೇಕಷ್ಟೆ. ಮುದ್ರಿತವಾದ ಅಕಾರಾದಿಯು ಅರ್ಧ ಬರೆದ ಸ್ಥಿತಿಯಲ್ಲಿ ಓದುಗರ ಕೈ ಸೇರುವುದಿಲ್ಲ. ಯಂತ್ರದ ಸೂಚಿಯಾದರೋ ಹಗಲಿರುಳೂ ಬಳಕೆಯಲ್ಲಿರತಕ್ಕದ್ದು. ಹಳೆಯದನ್ನು ಅಳಿಸಿ ಅಲ್ಲಿಯೇ ಹೊಸದನ್ನು ಬರೆಯತೊಡಗಿದರೆ, ನಡುವೆ ಅರಸಿದವನಿಗೆ ಆ ಶಬ್ದವು ಇಲ್ಲವೆಂಬ ಉತ್ತರ ಬಂದೀತು. ಯಂತ್ರವು ನಿಂತಿದೆಯೆಂದು ತಿಳಿದರೆ ಬಾಧಕವಿಲ್ಲ. ತಿಳಿಯದಿದ್ದರೆ, ಆ ಶಬ್ದವು ಪಂಪನಲ್ಲಿಲ್ಲವೆಂದು ಲೇಖನವನ್ನೇ ಬರೆದುಬಿಡುವನು. ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪಿದರೂ, ಯೋಗ್ಯಾನುಪಲಬ್ಧಿಗೆ ಮಾತ್ರ ಆ ಪದವಿಯನ್ನು ಕೊಟ್ಟರು. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದಾಗಲೇ ಅದರ ಅಭಾವವು ಸಿದ್ಧಿಸುವುದು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದ ಮಾತ್ರಕ್ಕೆ ಗಡಿಗೆಯಿಲ್ಲವೆನ್ನಲಾಗದು. ಅರ್ಧ ಬರೆದ ಸೂಚಿಯು ಅಂತಹ ಕೋಣೆ.

1999ರಲ್ಲಿ ಡಗ್ ಕಟ್ಟಿಂಗ್ ಎಂಬವರು ರಚಿಸಿದ, ಇಂದಿಗೂ ಬಹುಪ್ರಚಾರದಲ್ಲಿರುವ ಲ್ಯೂಸೀನ್ ಎಂಬ ತಂತ್ರಾಂಶದಲ್ಲಿ ಸೂಚಿಯು ಅನೇಕ ಖಂಡಗಳಾಗಿರುತ್ತದೆ. ಒಮ್ಮೆ ಬರೆದ ಖಂಡವನ್ನು ತಿದ್ದುವುದಿಲ್ಲ. ಹೊಸ ಗ್ರಂಥ ಬಂದರೆ ಹೊಸ ಖಂಡ. ಹಳೆಯ ಪಾಠವನ್ನು ಬಿಡಬೇಕಾದರೆ ಅದು ತ್ಯಾಜ್ಯವೆಂದು ಪ್ರತ್ಯೇಕವಾಗಿ ಗುರುತು ಹಾಕುವರು. ಅರಸತೊಡಗಿದವನಿಗೆ ಆ ಶೋಧನೆಯು ಮುಗಿಯುವವರೆಗೂ ಆರಂಭದಲ್ಲಿ ತೆರೆದ ಖಂಡಸಮೂಹವೇ ಕಾಣುವುದು. ಚಿಕ್ಕ ಖಂಡಗಳನ್ನು ಹಿನ್ನೆಲೆಯಲ್ಲಿ ಕೂಡಿಸಿ ದೊಡ್ಡದನ್ನಾಗಿ ಮಾಡುವಾಗ ತ್ಯಾಜ್ಯವು ಉದುರಿಹೋಗುತ್ತದೆ.

ಸೂಚಿಯ ನಿಯಮವೇ ಬದಲಾದರೆ ಇಷ್ಟು ಸಾಲದು. ‘ಕೋಳಿ’ ಎಂದು ಅರಸಿದವನಿಗೆ ಹಳಗನ್ನಡದ ‘ಕೋೞಿ’ಯೂ ದೊರೆಯಲೆಂದು ೞಕಾರವನ್ನು ಳಕಾರದಲ್ಲಿ ಸೇರಿಸಲು ನಿಶ್ಚಯಿಸಿದೆವೆನ್ನೋಣ. ಆಗ ಸೂಚಿಯೆಲ್ಲವನ್ನೂ ಹೊಸದಾಗಿ ಕಟ್ಟಬೇಕು. (ಖಡ್ಗವಾಚಿಯಾದ ‘ಬಾಳ್’ ಶಬ್ದವೂ ಜೀವಿಸು ಎಂಬರ್ಥದ ‘ಬಾೞ್’ ಧಾತುವೂ ಇದರಿಂದ ಒಂದಾಗುವುದರಿಂದ, ಮೂಲರೂಪವನ್ನೂ ಜತೆಯಲ್ಲಿ ಇಡದ ಸೂಚಿಯನ್ನು ನಾನು ಒಪ್ಪಲಾರೆ.) ಇಂತಹ ಸಂದರ್ಭದಲ್ಲಿ ಹಳೆಯದನ್ನು ಮುಟ್ಟದೆ, ಅದರ ಪಕ್ಕದಲ್ಲಿ ಹೊಸ ಸೂಚಿಯನ್ನು ಆಮೂಲಾಗ್ರವಾಗಿ ಕಟ್ಟುವರು. ಓದುಗರ ಪ್ರಶ್ನೆಯು ಹೋಗುವುದು ಸೂಚಿಯ ನಿಜನಾಮಕ್ಕಲ್ಲ, ಅದಕ್ಕಿಟ್ಟ ಸಂಕೇತನಾಮಕ್ಕೆ. ಹೊಸದು ಪೂರ್ಣವಾಗಿ, ಗೊತ್ತಿರುವ ಕೆಲವು ಶಬ್ದಗಳ ಸಂಖ್ಯೆಯನ್ನು ಎರಡರಲ್ಲಿಯೂ ತಾಳೆನೋಡಿದ ಮೇಲೆ, ಸಂಕೇತನಾಮವನ್ನು ಹಳೆಯದರಿಂದ ಬಿಡಿಸಿ ಹೊಸದಕ್ಕೆ ಒಂದೇ ಕ್ರಿಯೆಯಲ್ಲಿ ಕಟ್ಟುವರು. ಲ್ಯೂಸೀನನ್ನು ಆಧರಿಸಿ 2010ರಲ್ಲಿ ಹೊರಬಂದ ಎಲಾಸ್ಟಿಕ್‌ಸರ್ಚ್‌ನಲ್ಲಿ ಈ ಅನುಕೂಲವಿದೆ. ಕೆಲಕಾಲ ಎರಡು ಸೂಚಿಗಳಿಗೂ ಸ್ಥಳ ಬೇಕು. ಕಟ್ಟುವ ಕಾಲದಲ್ಲಿ ಪಾಠಗಳಿಗಾದ ತಿದ್ದುಪಡಿಗಳನ್ನು ಎರಡಕ್ಕೂ ಮುಟ್ಟಿಸಬೇಕು. ಇದನ್ನು ಮರೆತರೆ ಹೊಸ ಸೂಚಿಯು ಹುಟ್ಟುವಾಗಲೇ ಹಳತಾಗಿರುವುದು.

ನಾಮವು ತಿರುಗುವ ಮೊದಲು ಅರಸಿದವನಿಗೂ ಅನಂತರ ಅರಸಿದವನಿಗೂ ಬೇರೆ ಬೇರೆ ಸಂಖ್ಯೆಗಳು ಬರಬಹುದು. ಎರಡೂ ಆಯಾ ಸೂಚಿಗೆ ಸರಿಯಾದವೇ. ಆದುದರಿಂದ ಪ್ರಯೋಗಸಂಖ್ಯೆಯನ್ನು ಉದಾಹರಿಸುವ ಲೇಖಕರು, ಮುದ್ರಣದ ವರ್ಷವನ್ನು ಕೊಡುವಂತೆ, ಅರಸಿದ ದಿನವನ್ನೂ ಸೂಚಿಯ ಆವೃತ್ತಿಯನ್ನೂ ಕೊಡತಕ್ಕದ್ದು.