ಕುರಂದ: ಖನಿಜವೊಂದು, ರತ್ನಗಳು ಹಲವು

ನವರತ್ನಗಳ ಗಣನೆಯಲ್ಲಿ ಮಾಣಿಕ್ಯಕ್ಕೂ ಇಂದ್ರನೀಲಕ್ಕೂ ಬೇರೆಬೇರೆ ಸ್ಥಾನಗಳುಂಟು. ಖನಿಜವಿಜ್ಞಾನದ ದೃಷ್ಟಿಯಲ್ಲಾದರೋ ಇವೆರಡೂ ಕುರಂದವೆಂಬ ಒಂದೇ ಖನಿಜದ ಪ್ರಭೇದಗಳು. ಬಣ್ಣವನ್ನು ನೋಡಿ ರತ್ನವನ್ನು ಹೆಸರಿಸುವ ರೂಢಿ ಎಷ್ಟರಮಟ್ಟಿಗೆ ನಂಬತಕ್ಕದ್ದೆಂಬುದನ್ನು ವಿಚಾರಮಾಡಲು ಈ ಖನಿಜವು ಒಳ್ಳೆಯ ನಿದರ್ಶನವಾಗಿದೆ.

ಕುರಂದವು ರಾಸಾಯನಿಕವಾಗಿ ಅಲ್ಯೂಮಿನಿಯಂ ಆಕ್ಸೈಡು. ಇದರ ಹರಳುಗಳು ಆರು ಮುಖದ ಕಂಬದಂತೆಯೋ ನಡು ಉಬ್ಬಿದ ಪೀಪಾಯಿಯಂತೆಯೋ ಇರುತ್ತವೆ. ಮೋಸ್ ಮಾಪಕದಲ್ಲಿ ಇದರ ಕಾಠಿಣ್ಯ 9, ವಜ್ರದ್ದು 10. ಸಾಪೇಕ್ಷ ಸಾಂದ್ರತೆ ಸುಮಾರು 4. ಇದರೊಳಗೆ ಬೆಳಕಿನ ಕಿರಣವು ಎರಡಾಗಿ ಒಡೆಯುವುದರಿಂದ ವಕ್ರೀಭವನಾಂಕಗಳೂ ಎರಡು: ಸುಮಾರು 1.762 ಮತ್ತು 1.770.

ಶುದ್ಧ ಕುರಂದಕ್ಕೆ ಬಣ್ಣವಿಲ್ಲ. ಬಣ್ಣವೆಲ್ಲ ಬೆರಕೆಯ ಫಲ. ಅಲ್ಯೂಮಿನಿಯಮಿನ ಸ್ಥಾನದಲ್ಲಿ ಅತ್ಯಲ್ಪ ಪ್ರಮಾಣದ ಕ್ರೋಮಿಯಂ ಸೇರಿದರೆ ಮಾಣಿಕ್ಯದ ಕೆಂಪು ಬರುತ್ತದೆ. ಕಬ್ಬಿಣ ಮತ್ತು ಟೈಟೇನಿಯಂ ಜೊತೆಗೂಡಿದರೆ ಇಂದ್ರನೀಲದ ನೀಲಿ. ಹಳದಿಯ ಪ್ರಭೇದವನ್ನು ಪೇಟೆಯಲ್ಲಿ ಪುಷ್ಯರಾಗವೆನ್ನುವರು. ಆದರೆ ಟೋಪಾಸ್ ಎಂಬ ಬೇರೊಂದು ಖನಿಜಕ್ಕೂ ಇದೇ ಹೆಸರು ಸಲ್ಲುತ್ತದೆ. ಕೆಲವು ಹರಳುಗಳೊಳಗೆ ರೂಟೈಲಿನ ಸೂಕ್ಷ್ಮ ಸೂಜಿಗಳು ಮೂರು ದಿಕ್ಕುಗಳಲ್ಲಿ ಒತ್ತಾಗಿ ಹರಡಿರುತ್ತವೆ. ಅಂಥವನ್ನು ಗುಮ್ಮಟದಾಕಾರದಲ್ಲಿ ಉಜ್ಜಿದರೆ ಮೇಲ್ಮೈಯಲ್ಲಿ ಆರು ಕಿರಣಗಳ ನಕ್ಷತ್ರವು ತೋರುವುದು.

ಮಾಣಿಕ್ಯಕ್ಕೆ ಬರ್ಮಾದ ಮೊಗೋಕ್, ಇಂದ್ರನೀಲಕ್ಕೆ ಕಾಶ್ಮೀರ ಮತ್ತು ಸಿಂಹಳ ಪ್ರಸಿದ್ಧವಾದುವು. ಕರ್ನಾಟಕದ ಮೈಸೂರು, ಹಾಸನ ಮೊದಲಾದ ಜಿಲ್ಲೆಗಳಲ್ಲಿಯೂ ಕುರಂದವುಂಟು. ಅದರಲ್ಲಿ ಬಹುಭಾಗ ಅಪಾರದರ್ಶಕ. ಒಡವೆಗಿಂತ ಸಾಣೆಯ ಕೆಲಸಕ್ಕೇ ತಕ್ಕುದು.

ಬಣ್ಣವೊಂದನ್ನೇ ನಂಬಿದರೆ ಆಗುವ ಪ್ರಮಾದಕ್ಕೆ ಇಂಗ್ಲೆಂಡಿನ ರಾಜಕಿರೀಟದಲ್ಲಿರುವ 'ಬ್ಲ್ಯಾಕ್ ಪ್ರಿನ್ಸನ ಮಾಣಿಕ್ಯ'ವೇ ಸಾಕ್ಷಿ. ಅದು ಮಾಣಿಕ್ಯವಲ್ಲ, ಸ್ಪಿನೆಲ್. ಸ್ಪಿನೆಲಿನ ಕಾಠಿಣ್ಯ 8, ಸಾಂದ್ರತೆ ಸುಮಾರು 3.6, ಅದರಲ್ಲಿ ಕಿರಣವು ಎರಡಾಗುವುದಿಲ್ಲ. ಆದುದರಿಂದ ಹರಳಿಗೆ ಗೀರು ಹಾಕದೆಯೇ ಇವೆರಡನ್ನೂ ಬೇರ್ಪಡಿಸಬಹುದು.

ಕೃತಕ ಮಾಣಿಕ್ಯದ ವಿಷಯ ಇನ್ನೂ ತೊಡಕಿನದು. ಫ್ರಾನ್ಸಿನ ವರ್ನೂಯಿ 1902ರಲ್ಲಿ ಪ್ರಕಟಿಸಿದ ವಿಧಾನದಂತೆ ಅಲ್ಯೂಮಿನಾ ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಹರಳನ್ನು ಬೆಳೆಸಬಹುದು. ಇದು ಗಾಜಿನ ನಕಲಲ್ಲ, ನಿಜವಾದ ಕುರಂದವೇ. ಸಾಂದ್ರತೆ, ವಕ್ರೀಭವನಾಂಕಗಳು ಇದನ್ನು ಬಯಲಿಗೆಳೆಯಲಾರವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಬಗೆಯ ಹರಳಿನ ಬೆಳವಣಿಗೆಯ ಗೆರೆಗಳು ಬಾಗಿರುತ್ತವೆ, ಕೆಲವೊಮ್ಮೆ ಗಾಳಿಗುಳ್ಳೆಗಳೂ ಇರುತ್ತವೆ. ನೈಸರ್ಗಿಕ ಹರಳಿನ ಗೆರೆಗಳಾದರೋ ನೇರವಾಗಿದ್ದು ಕೋನಗಳಲ್ಲಿ ಕೂಡುತ್ತವೆ. ಕೊಳ್ಳುವವರು ದೋಷವೆಂದು ಹಳಿಯುವ ಒಳಗಿನ ಸೂಜಿಗಳೂ ಗೆರೆಗಳೂ ಪರೀಕ್ಷಕನಿಗೆ ಹರಳಿನ ಹುಟ್ಟನ್ನು ತಿಳಿಸುವ ಮುಖ್ಯ ಆಧಾರಗಳಾಗಿವೆ.