ಹೆಜ್ಜೆಯ ಲೆಕ್ಕ

ನಮ್ಮ ಮಿದುಳು ತಿಳಿನೀರಿನಂತಹ ದ್ರವವೊಂದರಲ್ಲಿ ತೇಲುತ್ತಿರುವುದೆಂಬುದನ್ನು ವಾಚಕರು ಬಲ್ಲರಷ್ಟೆ. ದಿನವೊಂದಕ್ಕೆ ಸುಮಾರು 500 ಮಿಲಿಲೀಟರು ದ್ರವ ಹುಟ್ಟಿ, ಅಷ್ಟೇ ರಕ್ತಕ್ಕೆ ಮರಳುತ್ತದೆ. ಯಾವ ಕ್ಷಣದಲ್ಲಾದರೂ ಇರುವುದು ಸುಮಾರು 150 ಮಿಲಿಲೀಟರು. ಈ ಜಮಾ-ಖರ್ಚು ಕೆಟ್ಟು ಮಿದುಳಿನ ಕುಹರಗಳು ಹಿಗ್ಗುವುದಕ್ಕೆ ಹೈಡ್ರೊಸೆಫಲಸ್ ಎಂದು ಹೆಸರು.

ಎಳೆಯ ಶಿಶುವಿಗೆ ಇದು ಬಂದರೆ ತಲೆಯೇ ದೊಡ್ಡದಾಗುತ್ತದೆ. ವೃದ್ಧರ ತಲೆಬುರುಡೆ ಹಿಗ್ಗದು; ಅವರಲ್ಲಿ ರೋಗವು ಸಾಮಾನ್ಯವಾಗಿ ಮೊದಲು ಕಾಲಿನಲ್ಲಿ ಕಾಣಿಸಿಕೊಳ್ಳುತ್ತದೆ! ಪಾದಗಳು ನೆಲಕ್ಕೆ ಅಂಟಿದಂತಾಗಿ, ಕಾಲಗಲಿಸಿ, ಗಿಡ್ಡ ಹೆಜ್ಜೆಯಿಡುತ್ತಾರೆ. ತಿರುಗಬೇಕಾದರೆ ಹಲವು ಹೆಜ್ಜೆ ಬೇಕು. ಮರೆವೂ ಮೂತ್ರದ ಹತೋಟಿ ತಪ್ಪುವುದೂ ಜೊತೆಗೂಡುತ್ತವೆ. ದ್ರವದ ಒತ್ತಡ ಮಾತ್ರ ಸಹಜವಾಗಿಯೇ ಇರಬಹುದೆಂದು ಕೊಲಂಬಿಯದ ಸಾಲೊಮೋನ್ ಹಕೀಮ್ ಮತ್ತು ಅಮೆರಿಕದ ರೇಮಂಡ್ ಆಡಮ್ಸ್ ಎಂಬ ವೈದ್ಯರು 1965ರಲ್ಲಿ ಪ್ರಕಟಿಸಿದರು. ಮನೆಯವರು ಮುಪ್ಪೆಂದು ಸುಮ್ಮನಾಗುವ ಈ ಸ್ಥಿತಿಯನ್ನು, ಕುಹರದಿಂದ ಹೊಟ್ಟೆಯವರೆಗೆ ಸಣ್ಣ ನಳಿಕೆಯೊಂದನ್ನು ಹುದುಗಿಸಿ ಎಷ್ಟೋ ಮಂದಿಯಲ್ಲಿ ಸುಧಾರಿಸಬಹುದು.

ಆದರೆ ಎಲ್ಲರಿಗೂ ಗುಣ ಸಿಗದು. ಮುದುಕರ ತಲೆಬುರುಡೆಯನ್ನು ಕೊರೆಯುವುದು ಆಟವೂ ಅಲ್ಲ. ಆದುದರಿಂದ ಬೆನ್ನಿನ ಕೆಳಭಾಗದಿಂದ ಸೂಜಿಯ ಮೂಲಕ 30ರಿಂದ 50 ಮಿಲಿಲೀಟರು ದ್ರವವನ್ನು ತೆಗೆದು, ನಡಿಗೆ ಸುಧಾರಿಸುವುದೇ ಎಂದು ಪರೀಕ್ಷಿಸುತ್ತಾರೆ. ಸುಧಾರಿಸಿತೆಂದು ಹೇಳುವವರು ಯಾರು? ರೋಗಿಗೂ ಆಸೆ, ಮಗನಿಗೂ ಆಸೆ, ವೈದ್ಯರಿಗೂ ಆಸೆ! ಆಸೆಯಿಲ್ಲದ ಸಾಕ್ಷಿ ಗಡಿಯಾರವೊಂದೇ. ಕುರ್ಚಿಯಿಂದೆದ್ದು 3 ಮೀಟರು ನಡೆದು, ತಿರುಗಿ ಬಂದು ಕೂಡಲು ಹಿಡಿದ ಕಾಲವನ್ನೂ, 10 ಮೀಟರಿಗೆ ಹಿಡಿದ ಕಾಲ ಮತ್ತು ಹೆಜ್ಜೆಗಳನ್ನೂ ದ್ರವ ತೆಗೆಯುವ ಮುನ್ನ ಮತ್ತು ಆಮೇಲೆ ಗುರುತಿಸುತ್ತಾರೆ.

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ರೋಗಿಯೊಬ್ಬರು ಮೊದಲು 10 ಮೀಟರನ್ನು 20 ಸೆಕೆಂಡಿನಲ್ಲಿ 32 ಹೆಜ್ಜೆಯಿಟ್ಟು ದಾಟಿದರು. ಅನಂತರ 16 ಸೆಕೆಂಡು, 25 ಹೆಜ್ಜೆ. ಭಾಗಿಸಿ ನೋಡಿರಿ: ಸೆಕೆಂಡಿಗೆ ಹೆಜ್ಜೆಗಳು 1.6ರ ಆಸುಪಾಸಿನಲ್ಲೇ ನಿಂತಿವೆ. ಹೆಜ್ಜೆಯ ನೀಳ 31 ಸೆಂಟಿಮೀಟರಿನಿಂದ 40ಕ್ಕೇರಿದೆ. ಈ ರೋಗದಲ್ಲಿ ಸಾಮಾನ್ಯವಾಗಿ ಕಾಣುವ ಸುಧಾರಣೆ ಇಂತಹುದೇ. ಲಯ ಹೆಚ್ಚು ಬದಲಾಗದು, ಹೆಜ್ಜೆ ಉದ್ದವಾಗುತ್ತದೆ. ಬರಿಯ ಕಣ್ಣಿಗೆ ಈ ಭೇದ ಎಟುಕುವುದು ಕಷ್ಟ.

ಸಮತೋಲದ ಅಳತೆಗೆ ಬೇರೊಂದು ಉಪಾಯವುಂಟು. ಬಲಮಾಪಕಗಳನ್ನು ಅಡಗಿಸಿದ ಹಲಗೆಯ ಮೇಲೆ ರೋಗಿಯು ಸುಮ್ಮನೆ ನಿಂತರೆ, ಪಾದದೊತ್ತಡದ ಕೇಂದ್ರ ಅತ್ತಿತ್ತ ಅಲೆದ ದಾರಿಯನ್ನು ಯಂತ್ರ ಗೆರೆಯೆಳೆದು ತೋರಿಸುತ್ತದೆ. ಕಣ್ಣು ಮುಚ್ಚಿಸಿದರೆ ಗೆರೆ ಇನ್ನಷ್ಟು ಹರಡುತ್ತದೆ. ಸೊಂಟಕ್ಕೂ ಪಾದಕ್ಕೂ ಕಟ್ಟುವ ಪುಟ್ಟ ಚಲನಮಾಪಕಗಳೂ ಈಗ ಬಳಕೆಯಲ್ಲಿವೆ.

ಅಂಕಿಗಳೂ ಎಚ್ಚರ ತಪ್ಪಿದರೆ ಮೋಸಮಾಡಬಲ್ಲವು. ರೋಗಿಯ ನಡಿಗೆ ದಿನದಿನಕ್ಕೆ ಬೇರೆ. ಎರಡನೆಯ ಸಲ ಅಭ್ಯಾಸಬಲದಿಂದಲೇ ಕಾಲ ಇಳಿಯಬಹುದು. ಆದುದರಿಂದ ಮೊದಲೇ ಹಲವು ಸಲ ನಡೆಸಿ ಸರಾಸರಿ ತೆಗೆಯುವುದು ಲೇಸು. ಸೂಜಿಯ ಪರೀಕ್ಷೆಯಲ್ಲಿ ಏನೂ ಬದಲಾಗದವರಲ್ಲಿಯೂ ಕೆಲವರು ನಳಿಕೆಯಿಟ್ಟ ಮೇಲೆ ಚೆನ್ನಾಗಿ ನಡೆದದ್ದುಂಟು. ಅಂತಹ ಸಂದೇಹವಿದ್ದಲ್ಲಿ ಕೆಲವು ದಿನ ದ್ರವವನ್ನು ಮೆಲ್ಲನೆ ಬಸಿದು, ಮತ್ತೆ ಅದೇ 10 ಮೀಟರನ್ನು ನಡೆಸುತ್ತಾರೆ.